ಭ್ರೂಣ ನೆಲೆ ಊರುವ ಆ ನಾಲ್ಕೈದು ದಿನ

ಡೊಂಬಿವಲಿಯ ನಮ್ಮ ಕಟ್ಟಡಕ್ಕೆ ಲಿಫ್ಟ್ ಇಲ್ಲ. ಹಳೇ ಬಿಲ್ಡಿಂಗು, ನಮ್ಮದು ಮೂರನೇ ಮಾಳಿಗೆ, ಮೆಟ್ಟಿಲು ಐವತ್ನಾಲ್ಕು. ಎರಡು ವರ್ಷದ ಹಿಂದೆ, ಮಳೆಗಾಲದ ಒಂದು ಮಧ್ಯಾಹ್ನ, ಥಾಣೆಯ ಆಸ್ಪತ್ರೆಯಿಂದ ಹೆಂಡತಿಯನ್ನು ಕ್ಯಾಬ್‌ನಲ್ಲಿ ಕರೆತಂದು ಆ ಮೆಟ್ಟಿಲುಗಳ ಬುಡದಲ್ಲಿ ನಿಲ್ಲಿಸಿದ್ದೆ. ಎರಡು ಗಂಟೆಗೆ ಮೊದಲಷ್ಟೇ ಅವಳ ಗರ್ಭಕೋಶದೊಳಗೆ ಐದು ದಿನದ ಒಂದು ಭ್ರೂಣವನ್ನು ಸಪೂರ ಕೊಳವೆಯಲ್ಲಿ ಇಟ್ಟಿದ್ದರು. ಐವಿಎಫ್‌ನಲ್ಲಿ ಇದಕ್ಕೆ ಟ್ರಾನ್ಸ್‌ಫರ್ ಎನ್ನುತ್ತಾರೆ. ಶೀಳ್ ಫಾಟಾ ರಸ್ತೆಯ ಪ್ರತಿ ಹೊಂಡಕ್ಕೂ ನಾನು ಡ್ರೈವರನಿಗೆ "ಭಾವು, ಹಳೂ ಹಳೂ" ಎಂದು ಬೇಡಿಕೊಂಡು ಬಂದಿದ್ದೆ. ಈಗ ಮೆಟ್ಟಿಲು.

ಅಷ್ಟರಲ್ಲಿ ಕುಂದಾಪುರದಿಂದ ಅಮ್ಮನ ಫೋನು. "ಮಗಾ, ಅವಳನ್ನು ಮೆಟ್ಟಿಲು ಹತ್ತಿಸಬೇಡ ಮಾರಾಯಾ, ಬಿದ್ದುಹೋದೀತು."

ಹತ್ತಿಸದೆ ಇನ್ನೇನು ಮಾಡುವುದು? ಪ್ರತಿ ಆರು ಮೆಟ್ಟಿಲಿಗೆ ನಿಂತು ನಿಂತು ಹತ್ತಿದೆವು. ಕೆಳಗಿನ ಮನೆಯ ಕಾಕು ಬಾಗಿಲು ತೆರೆದು ಕುರ್ಚಿ ಹಾಕಿಕೊಟ್ಟರು. ಆಮೇಲೆ ಹನ್ನೆರಡು ದಿನ ನನ್ನ ಹೆಂಡತಿ ಮಂಚ ಬಿಟ್ಟು ಇಳಿಯಲಿಲ್ಲ. ಪಪ್ಪಾಯಿ ಮನೆಗೆ ಬರಲಿಲ್ಲ, ಅನಾನಸು ಬರಲಿಲ್ಲ. ಸೀನು ಬಂದರೂ ಹೊಟ್ಟೆ ಹಿಡಿದುಕೊಂಡು ಸೀನುತ್ತಿದ್ದಳು. ಹದಿಮೂರನೇ ದಿನ ರಕ್ತ ಕೊಟ್ಟು ಬಂದೆವು. ರಿಪೋರ್ಟು ಮೊಬೈಲಿಗೆ ಬಂದಾಗ ನಾನು ಟ್ರಾನ್ಸ್ ಹಾರ್ಬರ್ ಲೋಕಲ್‌ನಲ್ಲಿ ಐರೋಲಿ ದಾಟಿ ರಬಾಳೆಯ ಹತ್ತಿರ ಇದ್ದೆ. ಬೀಟಾ ಎಚ್‌ಸಿಜಿ: ಐದಕ್ಕಿಂತ ಕಡಿಮೆ. ಅಂದರೆ ಇಲ್ಲ.

ಆ ಸಂಜೆ ಮನೆಗೆ ಬಂದಾಗ ಅವಳು ಕೇಳಿದ್ದು ಒಂದೇ ಮಾತು. "ನಾನು ಮೊನ್ನೆ ಬಾತ್‌ರೂಮಿನಲ್ಲಿ ಸ್ವಲ್ಪ ಜಾರಿದ್ದೆನಲ್ಲ, ಆವಾಗ ಬಿತ್ತಾ?"

ನನ್ನ ಕೆಲಸ ಸಾಫ್ಟ್‌ವೇರ್ ಟೆಸ್ಟಿಂಗ್. ಏನಾದರೂ ಕೆಟ್ಟರೆ ಯಾರು ಕೆಡಿಸಿದರು ಎಂದು ಕೇಳುವ ಮೊದಲು ಅದು ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿದುಕೊಳ್ಳಬೇಕು ಎನ್ನುವುದು ಹದಿನಾಲ್ಕು ವರ್ಷದ ಈ ಕಸುಬು ನನಗೆ ಕಲಿಸಿದ ಪಾಠ. ಭ್ರೂಣ ಗರ್ಭಕೋಶದಲ್ಲಿ ನೆಲೆ ಊರುವುದು, ಡಾಕ್ಟರುಗಳ ಭಾಷೆಯಲ್ಲಿ ಇಂಪ್ಲಾಂಟೇಶನ್, ನಿಜಕ್ಕೂ ಹೇಗೆ ನಡೆಯುತ್ತದೆ ಎಂಬುದನ್ನು ಅಂದಿನಿಂದ ಓದುತ್ತಾ, ಕೇಳುತ್ತಾ ಬಂದೆ. ನಮ್ಮ ಸಂಘದ ಕಾರ್ಯಕ್ರಮಗಳಲ್ಲಿ ಊಟದ ಸಾಲಿನಲ್ಲಿ ನಿಂತು ತಗ್ಗಿದ ದನಿಯಲ್ಲಿ ಇದನ್ನು ವಿಚಾರಿಸುವವರು ನಾವಂದುಕೊಂಡದ್ದಕ್ಕಿಂತ ಹೆಚ್ಚು ಇದ್ದಾರೆ. ಈ ಬರಹ ಅವರಿಗಾಗಿ.

ಮೊದಲು "ಬೀಳುವ" ವಿಷಯ ಮುಗಿಸಿಬಿಡೋಣ. ಕಲ್ಯಾಣದಲ್ಲಿ ಧಾರವಾಡದ ಕಡೆಯ ಒಬ್ಬ ಡಾಕ್ಟರಮ್ಮ ಇದ್ದಾರೆ, ಗೆಳೆಯನೊಬ್ಬ ಕಳಿಸಿದ್ದ. ನಮ್ಮ ಫೈಲನ್ನೆಲ್ಲ ನೋಡಿ, ಹೆಂಡತಿಯ ಪ್ರಶ್ನೆ ಕೇಳಿ ಅವರು ನಕ್ಕುಬಿಟ್ಟರು. "ಏನೂ ಬೀಳಂಗಿಲ್ರೀ. ಗರ್ಭಕೋಶ ಅಂದ್ರ ಖಾಲಿ ಕೊಡ ಅಲ್ಲ. ತುಪ್ಪ ಸವರಿದ ಎರಡು ಹೋಳಿಗಿ ಒಂದರ ಮ್ಯಾಲೊಂದು ಇಟ್ಟಂಗ ಅದರ ಮುಂದಿನ ಗ್ವಾಡಿ ಹಿಂದಿನ ಗ್ವಾಡಿ ಹತ್ತಿಕೊಂಡಿರ್ತಾವ. ಅದರ ನಡುವ ಒಂದು ಗಸಗಸೆ ಕಾಳು ಇಟ್ಟು ತಾಟು ಹಿಡಕೊಂಡು ಐವತ್ತು ಮೆಟ್ಟಲಾ ಹತ್ತರಿ, ಕಾಳು ಬೀಳತೈತೇನು?" ಭ್ರೂಣ ಗಸಗಸೆಗಿಂತಲೂ ಸಣ್ಣದು. ಐದನೇ ದಿನ ಅದರ ಅಗಲ ಸುಮಾರು ಒಂದು ಮಿಲಿಮೀಟರಿನ ಐದನೇ ಒಂದು ಪಾಲು. ಟ್ರಾನ್ಸ್‌ಫರ್ ಆದಮೇಲೆ ಮಲಗಿಸಿದವರನ್ನೂ ಎದ್ದು ಓಡಾಡಿದವರನ್ನೂ ಹೋಲಿಸಿದ ಅಧ್ಯಯನಗಳು ಹಲವು ಆಗಿವೆ. ಮಲಗಿದ್ದರಿಂದ ಲಾಭವಾಯಿತು ಎಂದು ಯಾವುದೂ ತೋರಿಸಿಲ್ಲ. ಹನ್ನೆರಡು ದಿನ ಮಂಚ ಹಿಡಿದು ನಮಗೆ ಸಿಕ್ಕಿದ್ದು ಸೊಂಟನೋವು ಮಾತ್ರ.

ಹಾಗಾದರೆ ಒಳಗೆ ನಡೆಯುವುದೇನು?

ಅಂಡವೂ ವೀರ್ಯಾಣುವೂ ಸೇರುವುದು ಗರ್ಭಕೋಶದಲ್ಲಿ ಅಲ್ಲ, ಅಂಡನಾಳದಲ್ಲಿ. ಅಲ್ಲಿಂದ ಒಂದು ಜೀವಕೋಶ ಎರಡಾಗಿ, ನಾಲ್ಕಾಗಿ, ಮೂರನೇ ದಿನಕ್ಕೆ ಸುಮಾರು ಎಂಟಾಗಿ, ಒಡೆಯುತ್ತಾ ಒಡೆಯುತ್ತಾ ನಿಧಾನವಾಗಿ ಗರ್ಭಕೋಶದ ಕಡೆ ಸಾಗುತ್ತದೆ. ನಾಲ್ಕನೇ ದಿನದ ಹೊತ್ತಿಗೆ ಒತ್ತಾಗಿ ಕಟ್ಟಿದ ಉಂಡೆಯಂತಾಗುತ್ತದೆ. ಐದನೇ ದಿನ ಆ ಉಂಡೆಯೊಳಗೆ ನೀರು ತುಂಬಿ ಗುಳ್ಳೆಯಾಗುತ್ತದೆ, ಅದೇ ಬ್ಲಾಸ್ಟೊಸಿಸ್ಟ್. ಈಗ ಅದರಲ್ಲಿ ನೂರಿನ್ನೂರು ಕೋಶಗಳಿರುತ್ತವೆ, ಮತ್ತು ಮೊದಲ ಬಾರಿಗೆ ಕೆಲಸ ಹಂಚಿಕೆಯಾಗಿರುತ್ತದೆ. ಒಳಗಿನ ಚಿಕ್ಕ ಗುಂಪು ಮುಂದೆ ಮಗು ಆಗುವಂಥದ್ದು. ಹೊರಗಿನ ಸುತ್ತು ಮಾಸು ಆಗುವಂಥದ್ದು, ಅಂದರೆ ಹೆರಿಗೆಯಲ್ಲಿ ಮಗುವಿನ ಹಿಂದೆ ಬೀಳುವ ಆ ಸೆತ್ತೆ. ತಾಯಿಯ ಗೋಡೆಗೆ ಅಂಟುವುದು, ಒಳಗೆ ಇಳಿಯುವುದು, ಊಟ ತರುವುದು ಎಲ್ಲ ಈ ಹೊರಗಿನವರ ಪಾಲಿನ ಕೆಲಸ.

ಇಷ್ಟು ದಿನ ಭ್ರೂಣಕ್ಕೆ ಸುತ್ತ ಒಂದು ಸಿಪ್ಪೆ ಇತ್ತು. ಅದಿಲ್ಲದಿದ್ದರೆ ದಾರಿಯಲ್ಲಿ ಅಂಡನಾಳಕ್ಕೇ ಅಂಟಿಕೊಂಡೀತು. ಐದು, ಆರನೇ ದಿನ ಭ್ರೂಣ ಆ ಸಿಪ್ಪೆಯನ್ನು ಸೀಳಿಕೊಂಡು ಮರಿ ಮೊಟ್ಟೆಯಿಂದ ಬಂದ ಹಾಗೆ ಹೊರಗೆ ಬರುತ್ತದೆ. ಆಮೇಲಿನ ಕೆಲಸ ಮೂರು ಹೆಜ್ಜೆಯದು. ಮೊದಲು ಗೋಡೆಗೆ ತಾಗುತ್ತದೆ, ಸಡಿಲವಾಗಿ. ಇನ್ನೂ ಉರುಳುತ್ತಾ ಜಾಗ ನೋಡುತ್ತಿರುತ್ತದೆ. ಭ್ರೂಣದ ಹೊರಮೈಯಲ್ಲಿರುವ ಸೆಲೆಕ್ಟಿನ್ ಎಂಬ ಪ್ರೋಟೀನು ಗೋಡೆಯ ಮೇಲಿನ ಸಕ್ಕರೆಯ ಕಣಗಳನ್ನು ಹಿಡಿಯುತ್ತದೆ. ರಕ್ತದ ಬಿಳಿಕಣಗಳು ರಕ್ತನಾಳದ ಗೋಡೆಯಲ್ಲಿ ಉರುಳುತ್ತಾ ನಿಲ್ಲುವಾಗ ಬಳಸುವುದೂ ಇದೇ ಜಾತಿಯ ಕೊಕ್ಕೆ. ಎರಡನೆಯದು, ಬಿಗಿಯಾಗಿ ಅಂಟುವುದು. ಮೂರನೆಯದು ಒಳಗೆ ಇಳಿಯುವುದು. ಮನುಷ್ಯರಲ್ಲಿ ಭ್ರೂಣ ಮೇಲ್ಮೈಗೆ ಅಂಟಿ ಸುಮ್ಮನಿರುವುದಿಲ್ಲ. ಒಳಪದರವನ್ನು ಕೊರೆದುಕೊಂಡು ಪೂರ್ತಿ ಒಳಗೆ ಹೋಗುತ್ತದೆ, ಮೇಲಿನಿಂದ ಗೋಡೆ ಮತ್ತೆ ಮುಚ್ಚಿಕೊಳ್ಳುತ್ತದೆ. ಒಳಗೆ ಹೋದ ಮೇಲೆ ಎಚ್‌ಸಿಜಿ ಎಂಬ ಹಾರ್ಮೋನು ತಾಯಿಯ ರಕ್ತಕ್ಕೆ ಸೇರತೊಡಗುತ್ತದೆ. ಅದರ ಸಂದೇಶ ಒಂದೇ: ಈ ಸಲ ಮುಟ್ಟು ಬೇಡ, ಪ್ರೊಜೆಸ್ಟರಾನ್ ನಿಲ್ಲಿಸಬೇಡ. ಮೆಡಿಕಲ್‌ನಲ್ಲಿ ಸಿಗುವ ಕಿಟ್‌ನಲ್ಲಿ ಎರಡು ಗೆರೆ ಮೂಡಿಸುವುದೂ ಇದೇ ಹಾರ್ಮೋನು.

ಇದೆಲ್ಲ ಯಾವ ದಿನ ಬೇಕಾದರೂ ಆಗುವಂಥದ್ದಲ್ಲ. ನನ್ನ ಅಜ್ಜ ಗದ್ದೆಗೆ ಇಳಿದು ಒಂದು ಹಿಡಿ ಮಣ್ಣು ಎತ್ತಿ ಹಿಸುಕಿ ನೋಡಿ "ಹದ ಬಂತು" ಎನ್ನುತ್ತಿದ್ದರು. ಹದ ಬರುವ ಮೊದಲು ಬಿತ್ತಿದರೂ ಇಲ್ಲ, ಹೋದಮೇಲೆ ಬಿತ್ತಿದರೂ ಇಲ್ಲ. ಗರ್ಭಕೋಶದ ಒಳಪದರಕ್ಕೂ ಅಂಥ ಹದ ಇದೆ. 28 ದಿನದ ಋತುಚಕ್ರದಲ್ಲಿ ಅದು ಸುಮಾರು 20ರಿಂದ 24ನೇ ದಿನದವರೆಗೆ, ಅಂದರೆ ನಾಲ್ಕೈದು ದಿನ. ಅದಕ್ಕೂ ಮೊದಲು ಈಸ್ಟ್ರೊಜನ್ ಪದರವನ್ನು ದಪ್ಪವಾಗಿಸಿರುತ್ತದೆ, ಅಂಡ ಬಿಡುಗಡೆಯಾದ ಮೇಲೆ ಪ್ರೊಜೆಸ್ಟರಾನ್ ಬಂದು ಅದನ್ನು ಹದಕ್ಕೆ ತರುತ್ತದೆ. ಉಳಿದ ದಿನಗಳಲ್ಲಿ ಈ ಪದರ ಭ್ರೂಣಕ್ಕೆ ಅಂಟಲು ಬಿಡುವುದಿಲ್ಲ. ದೇಹದ ಇನ್ನೆಷ್ಟೋ ಅಂಗಾಂಶಗಳಲ್ಲಿ ಭ್ರೂಣ ಅಂಟಿ ಬೆಳೆಯಬಲ್ಲದು, ಅಂಡನಾಳದ ಗರ್ಭ ಆಗುವುದು ಹಾಗೇ. ಬಾಗಿಲು ಹಾಕಿಕೊಂಡಿರುವುದು ಗರ್ಭಕೋಶದಲ್ಲೇ ಎಂಬುದು ಓದಿದಾಗ ನನಗೆ ವಿಚಿತ್ರ ಎನ್ನಿಸಿತು. ಕರಡಿಗಳಲ್ಲಂತೂ ಭ್ರೂಣ ಗರ್ಭಕೋಶಕ್ಕೆ ಬಂದು ತಿಂಗಳುಗಟ್ಟಲೆ ಬಾಗಿಲು ತೆರೆಯುವುದನ್ನೇ ಕಾಯುತ್ತಾ ಕೂತಿರುತ್ತದೆ. ಮನುಷ್ಯರ ಭ್ರೂಣಕ್ಕೆ ಆ ಸವಲತ್ತು ಇಲ್ಲ.

ಹದದ ದಿನ ಎಷ್ಟು ಮುಖ್ಯ ಎಂಬುದಕ್ಕೆ ಅಮೆರಿಕದ ಒಂದು ಅಧ್ಯಯನ ಬಹಳ ಸರಳವಾಗಿದೆ. ಉತ್ತರ ಕ್ಯಾರೊಲಿನಾದಲ್ಲಿ ಗರ್ಭ ಬಯಸಿದ್ದ 221 ಹೆಂಗಸರು ದಿನಾ ಬೆಳಗಿನ ಮೂತ್ರವನ್ನು ಹಿಡಿದು ಮನೆಯ ಫ್ರೀಜರಿನಲ್ಲಿ ಇಟ್ಟುಕೊಟ್ಟರು. (ನಮ್ಮ ಅತ್ತೆಯಂದಿರ ಫ್ರಿಜ್‌ನಲ್ಲಿ ಇದನ್ನು ಊಹಿಸಿಕೊಳ್ಳಿ.) ಯಾವ ದಿನ ಎಚ್‌ಸಿಜಿ ಮೊದಲು ಕಂಡಿತು ಎಂದು ಅದರಿಂದ ಲೆಕ್ಕ ಹಾಕಿದರು. 1999ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂದ ಫಲಿತಾಂಶ ಹೀಗಿದೆ: ಉಳಿದ ಗರ್ಭಗಳಲ್ಲಿ ಶೇ. 84ರಷ್ಟು, ಅಂಡ ಬಿಡುಗಡೆಯಾದ ಎಂಟು, ಒಂಬತ್ತು ಅಥವಾ ಹತ್ತನೇ ದಿನ ನೆಲೆ ಊರಿದ್ದವು. ಒಂಬತ್ತನೇ ದಿನದೊಳಗೆ ಊರಿದವುಗಳಲ್ಲಿ ಬೇಗನೆ ಕಳೆದುಹೋದದ್ದು ಶೇ. 13. ಹತ್ತನೇ ದಿನ ಊರಿದವುಗಳಲ್ಲಿ ಶೇ. 26, ಹನ್ನೊಂದರಲ್ಲಿ ಶೇ. 52, ಅದರ ನಂತರದವುಗಳಲ್ಲಿ ಶೇ. 82. ಒಂದೊಂದು ದಿನ ತಡವಾದಂತೆ ನಷ್ಟ ಹೆಚ್ಚುಕಡಿಮೆ ಇಮ್ಮಡಿಯಾಗುತ್ತಾ ಹೋಗುತ್ತದೆ.

ಐದು ದಿನದ ಭ್ರೂಣವನ್ನು ಒಳಗಿಟ್ಟರೆ ಅದು ಮುಂದಿನ ಒಂದೆರಡು ದಿನದಲ್ಲೇ ಅಂಟಲು ಶುರುಮಾಡಬೇಕು. ಅಂದರೆ ಅಮ್ಮನೂ ನಾನೂ ಕಾಕುವೂ ಮೆಟ್ಟಿಲು, ಪಪ್ಪಾಯಿ, ಎಡಮಗ್ಗುಲು ಎಂದು ಚರ್ಚೆ ಮಾಡುತ್ತಿದ್ದ ದಿನಗಳಲ್ಲಿ ಬಹುಪಾಲು ವಿಷಯ ಆಗಲೇ ತೀರ್ಮಾನವಾಗಿ ಹೋಗಿತ್ತು.

ಈ ಹದದ ಕತೆ ನಮ್ಮ ಊರಿಗೆ, ಅಂದರೆ ಮುಂಬಯಿಗೆ, ಬಹಳ ಹತ್ತಿರದ್ದು. ಡೊಂಬಿವಲಿಯಿಂದ ಸ್ಲೋ ಲೋಕಲ್ ಹಿಡಿದು ಪರೇಲ್‌ನಲ್ಲಿ ಇಳಿದರೆ ಕೆಇಎಂ ಆಸ್ಪತ್ರೆ ನಡೆದುಹೋಗುವ ದೂರ. ನಮ್ಮಲ್ಲಿ ಎಷ್ಟೋ ಜನ ಊರಿಂದ ಬಂದ ನೆಂಟರ ಕಾಯಿಲೆಗೆ ಅಲ್ಲಿ ಕೇಸ್ ಪೇಪರ್ ಮಾಡಿಸಲು ಸಾಲು ನಿಂತವರೇ. ಅದೇ ಆಸ್ಪತ್ರೆಯಲ್ಲಿ 1986ರ ಆಗಸ್ಟ್ 6ರಂದು ಹರ್ಷಾ ಹುಟ್ಟಿದಳು. ದಾಖಲೆಗಳ ಸಮೇತ ವೈಜ್ಞಾನಿಕವಾಗಿ ಒಪ್ಪಿತವಾದ ಭಾರತದ ಮೊದಲ ಪ್ರನಾಳ ಶಿಶು. ಹೆರಿಗೆ ತಜ್ಞೆ ಡಾ. ಇಂದಿರಾ ಹಿಂದುಜಾ ಆಸ್ಪತ್ರೆಯ ಕಡೆಯಿಂದ. ಅಲ್ಲೇ ಪರೇಲ್‌ನಲ್ಲಿರುವ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಂತಾನೋತ್ಪತ್ತಿ ಸಂಶೋಧನಾ ಸಂಸ್ಥೆಯ ಕಡೆಯಿಂದ ಡಾ. ಟಿ.ಸಿ. ಆನಂದ ಕುಮಾರ್. ಮುನ್ಸಿಪಾಲಿಟಿ ಆಸ್ಪತ್ರೆಯಲ್ಲಿ, ಸರಕಾರಿ ದುಡ್ಡಿನ ಪ್ರಯೋಗಾಲಯದಲ್ಲಿ ಆದ ಕೆಲಸ ಇದು. ಈಗ ಥಾಣೆಯಿಂದ ವಾಶಿಯವರೆಗೆ ಕಾಣುವ ಐವಿಎಫ್ ಹೋರ್ಡಿಂಗುಗಳನ್ನು ನೋಡುವಾಗ ಇದನ್ನೊಂದು ನೆನೆಯಬೇಕು. 2016ರಲ್ಲಿ ಹರ್ಷಾ ತಾನೇ ತಾಯಿಯಾದಾಗಲೂ ಹೆರಿಗೆ ಮಾಡಿಸಿದ್ದು ಡಾ. ಹಿಂದುಜಾ ಅವರೇ.

ಆದರೆ ಅದಕ್ಕೂ ಹಿಂದೆ ಕಲ್ಕತ್ತೆಯಲ್ಲಿ ಒಬ್ಬರಿದ್ದರು. ಇಂಗ್ಲೆಂಡಿನಲ್ಲಿ 1978ರ ಜುಲೈ 25ರಂದು ಲೂಯಿಸ್ ಬ್ರೌನ್ ಹುಟ್ಟಿ ಇನ್ನೂ ಮೂರು ತಿಂಗಳು ತುಂಬಿರಲಿಲ್ಲ; ಅಕ್ಟೋಬರ್ 3ರಂದು ಡಾ. ಸುಭಾಷ್ ಮುಖರ್ಜಿ ಅವರ ಪ್ರಯತ್ನದಿಂದ ದುರ್ಗಾ ಎಂಬ ಮಗು ಹುಟ್ಟಿತು. ಅವರು ಮಾಡಿದ್ದರ ವಿಶೇಷ ಏನೆಂದರೆ, ಭ್ರೂಣವನ್ನು ಕೂಡಲೇ ಗರ್ಭಕೋಶಕ್ಕೆ ಬಿಡಲಿಲ್ಲ. 53 ದಿನ ಹೆಪ್ಪುಗಟ್ಟಿಸಿ ಇಟ್ಟು, ಬೇರೆ ಋತುಚಕ್ರದಲ್ಲಿ ಒಳಗಿಟ್ಟರು. ಅಂಡಗಳು ಹೆಚ್ಚು ಬರಲೆಂದು ಹಾರ್ಮೋನು ಚುಚ್ಚಿದ ತಿಂಗಳಲ್ಲಿ ಒಳಪದರದ ಹದ ಹೆಚ್ಚುಕಡಿಮೆ ಆಗುತ್ತದೆ, ಹಾಗಾಗಿ ಭ್ರೂಣವನ್ನು ಫ್ರೀಜ್ ಮಾಡಿ ಇನ್ನೊಂದು ತಿಂಗಳು ಇಡೋಣ ಎಂದು ಇವತ್ತು ಎಷ್ಟೋ ಕ್ಲಿನಿಕ್‌ಗಳಲ್ಲಿ ಹೇಳುತ್ತಾರೆ. ಸುಭಾಷ್ ಮುಖರ್ಜಿ ಅದೇ ಕ್ರಮವನ್ನು 1978ರಲ್ಲಿ ಮಾಡಿದ್ದರು. ಸರಕಾರ ನೇಮಿಸಿದ ಸಮಿತಿ ನಂಬಲಿಲ್ಲ, ಹೊರದೇಶಕ್ಕೆ ಹೋಗಿ ಪ್ರಬಂಧ ಓದಲು ಬಿಡಲಿಲ್ಲ, ಸಂಬಂಧವಿಲ್ಲದ ವಿಭಾಗಕ್ಕೆ ವರ್ಗ ಮಾಡಿದರು. 1981ರ ಜೂನ್‌ನಲ್ಲಿ ಅವರು ಪ್ರಾಣ ಕಳೆದುಕೊಂಡರು.

ಮುಂದೆ ಅವರ ಕಾಗದಪತ್ರಗಳನ್ನು ಓದಿ, ಮೊದಲಿಗರು ನಾವಲ್ಲ, ಅವರು ಎಂದು 1997ರಲ್ಲಿ ಕರೆಂಟ್ ಸೈನ್ಸ್ ಪತ್ರಿಕೆಯಲ್ಲಿ ಬರೆದವರು ಬೇರೆ ಯಾರೂ ಅಲ್ಲ, ಪರೇಲ್‌ನ ಆನಂದ ಕುಮಾರ್ ಅವರೇ. ಆಗ ಅವರು ನಮ್ಮ ಬೆಂಗಳೂರಿನಲ್ಲಿ ನೆಲೆಸಿ, ಬಂಜೆತನ ಚಿಕಿತ್ಸೆಯ ಕೆಲಸ ಮುಂದುವರಿಸಿದ್ದರು. ತನ್ನ ತಲೆಯ ಮೇಲಿನ ಕಿರೀಟವನ್ನು ತಾನೇ ತೆಗೆದು ಇನ್ನೊಬ್ಬರ ತಲೆಗೆ ಇಡುವವರು ನನ್ನ ಕಸುಬಿನಲ್ಲಂತೂ ಸಿಗುವುದಿಲ್ಲ.

ಲೂಯಿಸ್ ಬ್ರೌನ್ ಹಿಂದಿನ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಓಲ್ಡ್‌ಹ್ಯಾಮ್‌ನಲ್ಲಿ ಎಡ್ವರ್ಡ್ಸ್ ಮತ್ತು ಸ್ಟೆಪ್ಟೊ ಹತ್ತು ವರ್ಷದ ಹತ್ತಿರ ದುಡಿದರು. 112 ಬಾರಿ ಭ್ರೂಣವನ್ನು ಗರ್ಭಕೋಶಕ್ಕೆ ಬಿಟ್ಟರು. ಐದು ಗರ್ಭ ನಿಂತವು, ಎರಡು ಮಕ್ಕಳು ಹುಟ್ಟಿದರು. ಗಾಜಿನ ತಟ್ಟೆಯಲ್ಲಿ ಭ್ರೂಣ ಮಾಡುವುದನ್ನು ಅವರು ಕಲಿತು ಆಗಿತ್ತು. ನಿಲ್ಲಿಸಿದ್ದು ಕೊನೆಯ ಆ ಮಿಲಿಮೀಟರು. ಇವತ್ತಿಗೂ ಪ್ರಯೋಗಾಲಯದೊಳಗಿನ ಎಲ್ಲವೂ ಕಣ್ಣಿಗೆ ಕಾಣುತ್ತದೆ, ಕ್ಯಾಮೆರಾ ಇಟ್ಟು ಭ್ರೂಣದ ಸಿನಿಮಾ ತೋರಿಸುತ್ತಾರೆ. ಒಳಗಿಟ್ಟ ಕ್ಷಣದಿಂದ ರಕ್ತಪರೀಕ್ಷೆಯವರೆಗೆ ಮಾತ್ರ ಕತ್ತಲೆ.

ಆ ಕತ್ತಲೆಯಲ್ಲಿ ವ್ಯಾಪಾರವೂ ನಡೆಯುತ್ತದೆ. ಮೊದಲನೆಯದು ಸೋತಾಗ ನಮಗೆ ಒಂದು ಕಡೆ ಮೂರ್ನಾಲ್ಕು "ಆಡ್ ಆನ್" ಪಟ್ಟಿಯನ್ನು ಕೈಗಿತ್ತರು, ಹೋಟೆಲಿನಲ್ಲಿ ಎಕ್ಸ್‌ಟ್ರಾ ಚೀಸ್, ಎಕ್ಸ್‌ಟ್ರಾ ಬಟರ್ ಎಂದಂತೆ. ಒಳಪದರವನ್ನು ಮೊದಲೇ ಸ್ವಲ್ಪ ಗೀಚಿದರೆ ಭ್ರೂಣ ಚೆನ್ನಾಗಿ ಹಿಡಿಯುತ್ತದೆ ಎನ್ನುವುದು ಒಂದು. ಇದನ್ನು 1,364 ಹೆಂಗಸರಲ್ಲಿ ಪರೀಕ್ಷಿಸಿ 2019ರಲ್ಲಿ ಪ್ರಕಟಿಸಿದ್ದಾರೆ: ಗೀಚಿದವರಲ್ಲಿ ಮಗು ಹುಟ್ಟಿದ್ದು ಶೇ. 26.1, ಗೀಚದವರಲ್ಲಿ ಶೇ. 26.1. ದಶಮಾಂಶದಲ್ಲೂ ವ್ಯತ್ಯಾಸ ಇಲ್ಲ. ಇನ್ನೊಂದು, ಒಳಪದರದ ತುಣುಕು ತೆಗೆದು ವಂಶವಾಹಿಗಳನ್ನು ನೋಡಿ ಹದದ ಗಂಟೆಯನ್ನೇ ಲೆಕ್ಕ ಹಾಕಿಕೊಡುವ ದುಬಾರಿ ಪರೀಕ್ಷೆ. ಕೇಳಲು ನನ್ನಂಥವನಿಗೆ ಬಹಳ ಇಷ್ಟವಾಗುವಂಥದ್ದು. ಆದರೆ 2022ರಲ್ಲಿ ಬಂದ ದೊಡ್ಡ ಪ್ರಯೋಗದಲ್ಲಿ, ಆ ಪರೀಕ್ಷೆ ಹೇಳಿದ ಗಂಟೆಗೆ ಇಟ್ಟವರಲ್ಲಿ ಶೇ. 58.5 ಮಂದಿಗೆ ಮಗುವಾಯಿತು; ಮಾಮೂಲಿ ವೇಳೆಗೆ ಇಟ್ಟವರಲ್ಲಿ ಶೇ. 61.9 ಮಂದಿಗೆ. ಕಲ್ಯಾಣದ ಡಾಕ್ಟರಮ್ಮನ ಮಾತಿನಲ್ಲಿ ಹೇಳುವುದಾದರೆ, "ಯಾವದರ ಹೊಸಾದು ಹೇಳಿದ್ರ ಒಂದ ಮಾತು ಕೇಳ್ರಿ: ಇದರಿಂದ ಕೂಸು ಹುಟ್ಟೋದು ಹೆಚ್ಚಾಗೈತೇನು, ತೋರಸ್ರಿ ಅಂತ."

ಸೋಲಿನ ದೊಡ್ಡ ಕಾರಣ ಇರುವುದು ಬೇರೆ ಕಡೆ, ಭ್ರೂಣದೊಳಗೇ. ಅಂಡ ತಯಾರಾಗುವಾಗ ವರ್ಣತಂತುಗಳು ಸರಿಯಾಗಿ ಹಂಚಿಕೆಯಾಗದೆ ಒಂದು ಹೆಚ್ಚು, ಒಂದು ಕಡಿಮೆ ಆಗುವುದು ಸಾಮಾನ್ಯ. ಮೂವತ್ತರ ಆಸುಪಾಸಿನಲ್ಲಿ ಇಂಥ ಭ್ರೂಣ ನಾಲ್ಕರಲ್ಲಿ ಒಂದರಷ್ಟು, ನಲವತ್ತಕ್ಕೆ ಅರ್ಧಕ್ಕಿಂತ ಹೆಚ್ಚು. ಇವುಗಳಲ್ಲಿ ಬಹುಪಾಲು ನೆಲೆ ಊರುವುದೇ ಇಲ್ಲ, ಊರಿದರೂ ಉಳಿಯುವುದಿಲ್ಲ. ಮೈಕ್ರೋಸ್ಕೋಪಿನಲ್ಲಿ ಎಷ್ಟೇ ಚೆಂದ ಕಂಡರೂ ಇದು ಕಾಣುವುದಿಲ್ಲ. ಸಹಜವಾಗಿ ಗರ್ಭ ನಿಲ್ಲುವ ಆರೋಗ್ಯವಂತ ದಂಪತಿಗೂ ಒಂದು ತಿಂಗಳಿನ ಸಾಧ್ಯತೆ ನಾಲ್ಕರಲ್ಲಿ ಒಂದರ ಸುತ್ತಮುತ್ತ ಮಾತ್ರ. ಅವರ ಮನೆಯಲ್ಲೂ ಎಷ್ಟೋ ಭ್ರೂಣಗಳು ಹೀಗೆ ಬಂದು ಹೋಗಿರುತ್ತವೆ, ತಿಂಗಳ ಮುಟ್ಟಿನಲ್ಲಿ ಗೊತ್ತೇ ಆಗದೆ. ಗೊತ್ತಾಗುವ ದುಃಖ ಐವಿಎಫ್ ಮಾಡಿಸಿಕೊಂಡವರಿಗೆ ಮಾತ್ರ.

ಅಜ್ಜನ ಗದ್ದೆಯ ಹೋಲಿಕೆ ಇಲ್ಲಿ ಕೈಕೊಡುತ್ತದೆ. ಬೀಜ ಗಂಡಿನದು, ಕ್ಷೇತ್ರ ಹೆಣ್ಣಿನದು, ಬೆಳೆ ಬರದಿದ್ದರೆ ಹೊಲ ಬಂಜರು ಎನ್ನುವುದು ನಮ್ಮ ಹಳೇ ಲೆಕ್ಕ. ಆ ಲೆಕ್ಕದಲ್ಲೇ ಎಷ್ಟು ಹೆಂಗಸರು ಸೀಮಂತಕ್ಕೆ ಕರೆಯಿಲ್ಲದೆ ಕೂತಿದ್ದಾರೋ. ನಿಜ ಏನೆಂದರೆ, ಬೀಜ ಇಬ್ಬರದ್ದೂ. ಮತ್ತೆ ಹೊಲ ಸುಮ್ಮನೆ ಬಿದ್ದಿರುವುದಿಲ್ಲ, ಬಂದ ಬೀಜವನ್ನು ಪರೀಕ್ಷೆ ಮಾಡುತ್ತದೆ. ಬಹಳಷ್ಟು ಪ್ರಾಣಿಗಳಲ್ಲಿ ಭ್ರೂಣ ಬಂದು ತಾಗಿದ ಮೇಲೆ ಗರ್ಭಕೋಶದ ಪದರ ಬದಲಾಗುತ್ತದೆ. ಮನುಷ್ಯರಲ್ಲಿ ಭ್ರೂಣ ಬರಲಿ ಬಿಡಲಿ ಪ್ರತಿ ತಿಂಗಳು ಬದಲಾಗಿ ಕಾದಿರುತ್ತದೆ, ಬರದಿದ್ದರೆ ಕಳಚಿಕೊಳ್ಳುತ್ತದೆ. ಮುಟ್ಟು ಎಂಬುದೇ ಇದು. 2010ರ ಸುಮಾರಿಗೆ ಯುರೋಪಿನ ಸಂಶೋಧಕರು ಪ್ರಯೋಗಾಲಯದಲ್ಲಿ ಕಂಡದ್ದು, ಹೀಗೆ ಬದಲಾದ ಕೋಶಗಳು ಕೆಟ್ಟ ಭ್ರೂಣ ಸಿಕ್ಕಾಗ ನೆಲೆ ಊರಲು ನೆರವಾಗುವ ರಾಸಾಯನಿಕಗಳನ್ನು ಒಮ್ಮೆಲೇ ಕಡಿಮೆ ಮಾಡುತ್ತವೆ ಎಂದು. ಮತ್ತೆ ಮತ್ತೆ ಗರ್ಭಪಾತವಾಗುವ ಕೆಲವರಲ್ಲಿ ಈ ಪರೀಕ್ಷಕ ಬಹಳ ಉದಾರಿ, ಎಲ್ಲರನ್ನೂ ಪಾಸು ಮಾಡಿಬಿಡುತ್ತಾನೆ ಎಂಬ ವಾದವೂ ಇದೆ. ನನ್ನ ಹೆಂಡತಿಗೆ ಇದನ್ನು ಹೇಳಿದಾಗ ಅವಳು ತುಂಬ ಹೊತ್ತು ಸುಮ್ಮನಿದ್ದು, "ಅಂದರೆ ಅದು ಬೇಡ ಅಂದದ್ದು ಸರಿಯಾಗಿಯೇ ಇರಬಹುದು" ಎಂದಳು. ಇರಬಹುದು, ಅಷ್ಟೇ. ನಮ್ಮದರಲ್ಲಿ ಏನಾಯಿತು ಎಂದು ಯಾರಿಂದಲೂ ಹೇಳಲಾಗುವುದಿಲ್ಲ.

ಇನ್ನೊಂದು ಸೋಜಿಗ ಇದೆ. ಭ್ರೂಣದ ಅರ್ಧ ಅಪ್ಪನದು, ತಾಯಿಯ ದೇಹಕ್ಕೆ ಪರಕೀಯ. ಬೇರೆಯವರ ಕಿಡ್ನಿ ಹಾಕಿದರೆ ಒದ್ದು ಹೊರಗೆ ಹಾಕುವ ದೇಹ ಇದನ್ನು ಒಂಬತ್ತು ತಿಂಗಳು ಹೇಗೆ ಇಟ್ಟುಕೊಳ್ಳುತ್ತದೆ ಎಂಬ ಪ್ರಶ್ನೆಯನ್ನು ಪೀಟರ್ ಮೆಡಾವರ್ 1953ರಲ್ಲಿ ಎತ್ತಿದರು. ಉತ್ತರ ಇನ್ನೂ ಪೂರ್ತಿಯಾಗಿಲ್ಲ. ಆದರೆ ಒಳಪದರದಲ್ಲಿ ಆ ದಿನಗಳಲ್ಲಿ ಗುಂಪುಗೂಡುವ ವಿಶೇಷ ಬಿಳಿಕಣಗಳು ಭ್ರೂಣವನ್ನು ಕೊಲ್ಲುವ ಬದಲು ತಾಯಿಯ ರಕ್ತನಾಳಗಳನ್ನು ಅಗಲ ಮಾಡಲು ನೆರವಾಗುತ್ತವೆ ಎಂದು ತಿಳಿದಿದೆ. ಆ ಅಗಲ ಮಾಡುವ ಕೆಲಸ ಅರ್ಧಕ್ಕೆ ನಿಂತರೆ ಎಷ್ಟೋ ತಿಂಗಳ ನಂತರ ಬಸುರಿಗೆ ಬಿಪಿ ಏರುತ್ತದೆ, ಮಗು ಸಣ್ಣದಾಗುತ್ತದೆ. ಏಳನೇ ತಿಂಗಳ ತೊಂದರೆಯ ಬೇರು ಕೆಲವೊಮ್ಮೆ ಮೊದಲ ವಾರಗಳಲ್ಲಿರುತ್ತದೆ.

ಗರ್ಭಕೋಶದ ಕಡೆಯಿಂದ ನಿಜವಾದ ತೊಂದರೆಗಳೂ ಇವೆ, ಅವು ಪತ್ತೆಹಚ್ಚಬಹುದಾದವು. ಒಳಕ್ಕೆ ಚಾಚಿದ ಗಡ್ಡೆ, ಪಾಲಿಪ್, ನೀರು ತುಂಬಿ ಊದಿಕೊಂಡ ಅಂಡನಾಳದಿಂದ ಒಸರುವ ದ್ರವ, ಥೈರಾಯ್ಡ್. ಆದರೆ ಡಾಕ್ಟರಮ್ಮ ನಮ್ಮಿಬ್ಬರನ್ನೂ ಕೇಳಿದ ಮೊದಲ ಪ್ರಶ್ನೆ ಬೇರೆಯೇ. "ನಿಮ್ಮನ್ಯಾಗ ಯಾರಿಗಾದ್ರೂ ಟಿಬಿ ಆಗಿತ್ತೇನ್ರೀ?"

ಹೆಂಡತಿಯ ಸೋದರಮಾವನಿಗೆ ಆಗಿತ್ತು, ಒಂದೇ ಕೋಣೆಯ ಚಾಳಿನಲ್ಲಿ ಎಲ್ಲರೂ ಒಟ್ಟಿಗೆ ಇದ್ದಾಗ. ಕ್ಷಯ ಎಂದರೆ ಕೆಮ್ಮು ಎಂದೇ ನಾವು ತಿಳಿದಿರುವುದು. ಶ್ವಾಸಕೋಶದಿಂದ ರಕ್ತದ ಮೂಲಕ ಅದು ಅಂಡನಾಳಗಳಿಗೆ ಹೋಗಿ ಕೂರಬಹುದು, ಅಲ್ಲಿಂದ ಗರ್ಭಕೋಶದ ಒಳಪದರಕ್ಕೆ. ಕೆಮ್ಮಿಲ್ಲ, ಜ್ವರವಿಲ್ಲ, ಕೆಲವರಿಗೆ ಮುಟ್ಟು ಕಡಿಮೆಯಾಗುವುದೊಂದೇ ಸೂಚನೆ. ಪದರ ಕಲೆಗಟ್ಟಿ ಅಂಟಿಕೊಂಡರೆ ಭ್ರೂಣಕ್ಕೆ ಊರಲು ಜಾಗವೇ ಉಳಿಯುವುದಿಲ್ಲ. ಪಶ್ಚಿಮದ ದೇಶಗಳ ಐವಿಎಫ್ ಪುಸ್ತಕಗಳಲ್ಲಿ ಇದಕ್ಕೆ ಒಂದೆರಡು ಸಾಲು ಇರಬಹುದು. ಭಾರತದಲ್ಲಿ ಇದು ಬಂಜೆತನದ ದೊಡ್ಡ ಕಾರಣಗಳಲ್ಲಿ ಒಂದು. ಬೇಗ ಸಿಕ್ಕರೆ ಸಾಮಾನ್ಯವಾಗಿ ಆರು ತಿಂಗಳ ಔಷಧಿ, ಸರಕಾರಿ ಆಸ್ಪತ್ರೆಯಲ್ಲಿ ಉಚಿತ. ಹಾಗೆಂದು ಒಂದೇ ಒಂದು ಪಿಸಿಆರ್ ರಿಪೋರ್ಟು ಪಾಸಿಟಿವ್ ಬಂತೆಂದು ಎಲ್ಲರಿಗೂ ಆರು ತಿಂಗಳ ಮಾತ್ರೆ ಬರೆಯುವುದರ ಬಗ್ಗೆ ವೈದ್ಯರಲ್ಲೇ ಒಮ್ಮತ ಇಲ್ಲ; ಎರಡನೇ ಅಭಿಪ್ರಾಯ ಕೇಳಿ. ನಮ್ಮ ವಿಷಯದಲ್ಲಿ ಏನೂ ಸಿಗಲಿಲ್ಲ.

ಗಂಡಸರಿಗೆ ಒಂದು ಮಾತು. ವೀರ್ಯ ಪರೀಕ್ಷೆ ಎಲ್ಲಕ್ಕಿಂತ ಅಗ್ಗದ್ದು, ಸುಲಭದ್ದು, ಮೊದಲು ಆಗಬೇಕಾದದ್ದು. ನಾನು ಅದನ್ನು ಮಾಡಿಸಿಕೊಂಡದ್ದು ಹೆಂಡತಿಯ ಮೂರು ಸ್ಕ್ಯಾನು, ಅಂಡನಾಳದ ಎಕ್ಸ್‌ರೇ ಎಲ್ಲ ಮುಗಿದ ಮೇಲೆ. ರಿಲೀಸ್ ಇದೆ, ಆನ್‌ಸೈಟ್ ಕಾಲ್ ಇದೆ ಎನ್ನುತ್ತಾ ಎಂಟು ತಿಂಗಳು ತಳ್ಳಿದ್ದೆ. ಅವಳಿಗೆ ಮೂವತ್ತನಾಲ್ಕು ಮುಗಿದು ಮೂವತ್ತೈದಾದದ್ದು ಆ ಎಂಟು ತಿಂಗಳಲ್ಲಿ.

ಗರ್ಭ ನಿಂತ ಸುದ್ದಿ ಬಂದವರೂ ಒಂದನ್ನು ನೆನಪಿಡಬೇಕು. ಐವಿಎಫ್‌ನಲ್ಲಿ ಗರ್ಭಕೋಶದೊಳಗೇ ಇಟ್ಟರೂ ಭ್ರೂಣ ಅಂಡನಾಳಕ್ಕೆ ಹೋಗಿ ಊರಬಹುದು. ಒಂದೇ ಪಕ್ಕದಲ್ಲಿ ತೀವ್ರ ಹೊಟ್ಟೆನೋವು, ರಕ್ತಸ್ರಾವ, ತಲೆಸುತ್ತು, ಭುಜದ ತುದಿಯಲ್ಲಿ ನೋವು ಬಂದರೆ ಬೆಳಗಾಗಲಿ ಎಂದು ಕಾಯಬಾರದು. ಇದರಲ್ಲಿ ಜೀವ ಹೋಗುತ್ತದೆ.

ನಮ್ಮ ಎರಡನೇ ಟ್ರಾನ್ಸ್‌ಫರ್ ಕಳೆದ ವರ್ಷ ದೀಪಾವಳಿಯ ನಂತರ ಆಯಿತು. ಈ ಸಲ ಅವಳು ಮೆಟ್ಟಿಲನ್ನು ನಿಲ್ಲದೆ ಹತ್ತಿದಳು, ಮೂರನೇ ದಿನ ಕೆಲಸಕ್ಕೂ ಹೋದಳು. ಅಮ್ಮನಿಗೆ ಹೇಳಲಿಲ್ಲ. ರಕ್ತಪರೀಕ್ಷೆಯಲ್ಲಿ 38 ಬಂತು. ಎರಡು ದಿನ ಬಿಟ್ಟು ಕನಿಷ್ಠ ಅರವತ್ತರ ಆಸುಪಾಸಿಗೆ ಏರಿರಬೇಕಿತ್ತು, 44 ಬಂತು. ನಾಲ್ಕನೇ ದಿನ 19. ಅಂಟಿತ್ತು, ಬಹುಶಃ ತಡವಾಗಿ, ಮತ್ತೆ ಬಿಟ್ಟುಕೊಟ್ಟಿತ್ತು. ಉತ್ತರ ಕ್ಯಾರೊಲಿನಾದ ಹೆಂಗಸರ ಆ ಶೇಕಡಾವಾರು ಲೆಕ್ಕ ನನಗೆ ಬಾಯಿಪಾಠವಾದದ್ದು ಆ ನಾಲ್ಕು ದಿನಗಳಲ್ಲಿ. ಈ ಸಲ ಅವಳು "ಬಿತ್ತಾ" ಎಂದು ಕೇಳಲಿಲ್ಲ. ಅತ್ತಳು, ನಾನೂ ಅತ್ತೆ, ರಾತ್ರಿ ಹೊರಗಿಂದ ಪಾವ್ ಭಾಜಿ ತರಿಸಿ ತಿಂದೆವು.

ಇನ್ನೂ ಎರಡು ಭ್ರೂಣಗಳು ಥಾಣೆಯಲ್ಲಿ ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿವೆ. 2021ರ ಕಾನೂನಿನ ಪ್ರಕಾರ ಹತ್ತು ವರ್ಷ ಇಡಬಹುದು. ಅವಳಿಗೆ ಈಗ ಸ್ವಲ್ಪ ವಿರಾಮ ಬೇಕಂತೆ. ಗಣಪತಿ ಹಬ್ಬ ಕಳೆಯಲಿ, ಆಮೇಲೆ ನೋಡೋಣ ಎಂದಿದ್ದಾಳೆ. ಮೊನ್ನೆ ವರ್ಷದ ಬಾಡಿಗೆಯ ಮೆಸೇಜು ಬಂತು. ಆಫೀಸಿನಿಂದ ವಾಪಸು ಬರುವಾಗ ಥಾಣೆಯ ಒಂಬತ್ತನೇ ಪ್ಲಾಟ್‌ಫಾರ್ಮಿನಲ್ಲಿ ನಿಂತುಕೊಂಡೇ ಕಟ್ಟಿದೆ.